ತೂಕದ ಸಾಹೇಬರ ಮಾದರಿ ಕಲ್ಲು

ಮನೆಗೆ ತಂದ ಬಿಪಿ ಮಿಷನ್ನು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಹೆಂಡತಿಯನ್ನು ಕೂರಿಸಿ ಪರೀಕ್ಷೆ ಮಾಡುವ ಗಂಡಸು ಈ ಲೋಕದಲ್ಲಿ ಒಬ್ಬನೇ ಇದ್ದಾನು. ಅವಳ ಪಾಲಿಗೆ ಬಂದದ್ದು ಆ ಒಬ್ಬನೇ. ಬೀದಿಯವರು ಅವರನ್ನು ತೂಕದ ಸಾಹೇಬರು ಎನ್ನುತ್ತಿದ್ದರು. ನಿವೃತ್ತಿಯಾಗುವ ತನಕ ಅಂಗಡಿ ಅಂಗಡಿ ಸುತ್ತಿ ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಲೀಟರುಗಳನ್ನು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಸರಿಯಿದ್ದರೆ ಸರ್ಕಾರಿ ಮುದ್ರೆ, ತಪ್ಪಿದ್ದರೆ ಕೆಂಪು ಪೆನ್ಸಿಲಿನಲ್ಲಿ ದೊಡ್ಡದೊಂದು ಇಂಟು ಗುರುತು. ನಿವೃತ್ತಿಯ ದಿನ ಕಚೇರಿಯವರು ಮುದ್ರೆಯನ್ನು ವಾಪಸು ಇಸಿದುಕೊಂಡರು. ಕೆಂಪು ಪೆನ್ಸಿಲನ್ನು ಇಸಿದುಕೊಳ್ಳಲು ಮರೆತರು. ಆ ಮರೆವಿನ ಫಲವನ್ನು ಉಂಡದ್ದು ಮನೆಯವರು.

ಬಚ್ಚಲುಮನೆಯ ಬಾಗಿಲಲ್ಲಿದ್ದ ತೂಕದ ಮಿಷನ್ನು ಸಾಹೇಬರ ಮೈ ಬೆಳೆದಿದೆ ಎಂದಿತು. ಅದರ ನೆತ್ತಿಯ ಮೇಲೆ ಇಂಟು ಬಿತ್ತು. ಗೋಡೆಯ ಗಡಿಯಾರ ಅವರ ಕೈಗಡಿಯಾರದ ಮಾತು ಕೇಳಲಿಲ್ಲ; ಅದಕ್ಕೂ ಒಂದು. ಅಡುಗೆಮನೆಯ ಅಳತೆ ಲೋಟ, ಜ್ವರ ನೋಡುವ ಕಡ್ಡಿ, ಯಾವುದೂ ತಪ್ಪಿಸಿಕೊಳ್ಳಲಿಲ್ಲ. ತಿರಸ್ಕರಿಸಿದ್ದನ್ನು ಎಸೆಯುವ ಹಾಗೂ ಇರಲಿಲ್ಲ, ಸಾಕ್ಷಿಗೆ ಬೇಕಂತೆ. ಯಾವ ಕೋರ್ಟಿಗೆ ಸಾಕ್ಷಿ ಎಂದು ಅವಳು ಒಮ್ಮೆ ಕೇಳಿದ್ದಳು. ಸಾಹೇಬರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅವಳು ಪರದೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಕಿಟಕಿಯ ಅಗಲ ಹೇಳಿ ಹೋದರೆ ಸಾಕು, ಎಷ್ಟು ನೆರಿಗೆ ಹಿಡಿಯಬೇಕು, ಕೆಳಗೆ ಎಷ್ಟು ಮಡಚಬೇಕು ಎಂದು ಮತ್ತೆ ಕೇಳುತ್ತಿರಲಿಲ್ಲ. ಬಾಯಿ ಸ್ವಲ್ಪ ಹರಿತ. ಆದರೆ ಗಂಡನ ಎದುರು ಆ ಹರಿತವನ್ನು ಬಹಳಷ್ಟು ಸಲ ನುಂಗಿಕೊಂಡಿದ್ದಳು. ದಿನಾ ಜಗಳವಾಡುತ್ತ ಕೂತರೆ ಪರದೆ ಹೊಲಿಯುವವರು ಯಾರು?

ಬಿಪಿ ಮಿಷನ್ನು ತಂದುಕೊಟ್ಟವಳು ಮಗಳು. ಅವಳದು ಡ್ರೈವಿಂಗ್ ಸ್ಕೂಲು; ಎರಡು ಬೀದಿ ಆಚೆ ಮನೆ. ಕನ್ನಡಕಕ್ಕೆ ಕಣ್ಣು ತೋರಿಸಲು ಹೋದಾಗ ಯಾರೋ ಸಾಹೇಬರ ಬಿಪಿ ನೋಡಿ, ಜಾಸ್ತಿ ಇದೆ, ಮನೆಯಲ್ಲಿ ದಿನಾ ನೋಡಿಕೊಳ್ಳಿ ಎಂದಿದ್ದರು. ಸಾಹೇಬರು ಅಲ್ಲಿಯೇ ಕಣ್ಣಾಸ್ಪತ್ರೆಯ ಮಿಷನ್ನಿನ ಜನ್ಮ ಜಾಲಾಡಿ ಬಂದಿದ್ದರು. ಮಗಳು ಕೇಳಬೇಕಲ್ಲ. ಡಬ್ಬಿ ಮೇಜಿನ ಮೇಲಿಟ್ಟು, "ಅಪ್ಪ, ದಿನಾ ಬೆಳಿಗ್ಗೆ ನೋಡ್ಕೋಬೇಕು, ನೆಪ ಹೇಳ್ಬಾರ್ದು," ಎಂದಳು.

"ನೋಡ್ಕೊಳ್ಳೋಣ. ಆದ್ರೆ ಮೊದಲು ಇದು ಸರಿ ಇದೆಯೋ ಇಲ್ವೋ ತಿಳಿಬೇಕಲ್ಲ," ಎಂದರು ಸಾಹೇಬರು. "ಪರೀಕ್ಷೆ ಮಾಡದೇ ಇರೋ ತಕ್ಕಡೀಲಿ ನಾನು ಕೂರೋನಲ್ಲ."

ಪರೀಕ್ಷೆಗೆ ಒಂದು ಮಾದರಿ ಕಲ್ಲು ಬೇಕು. ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಅಂಥ ಕಲ್ಲುಗಳಿರುತ್ತಿದ್ದವಂತೆ. ಕೈಬೆರಳು ತಾಗಿದರೂ ಸವೆಯುತ್ತದೆಂದು ಇಕ್ಕಳದಲ್ಲಿ ಹಿಡಿಯುತ್ತಿದ್ದರಂತೆ. ಅದನ್ನು ತಕ್ಕಡಿಗೆ ಹಾಕಿ ಮೂರು ಸಲ ತೂಗಬೇಕು. ಮೂರು ಸಲವೂ ಒಂದೇ ತೂಕ ಬಂದರೆ ತಕ್ಕಡಿ ಸರಿ. ಬೇರೆ ಬೇರೆ ಬಂದರೆ ತಕ್ಕಡಿಗೆ ಇಂಟು ಗುರುತು. ಸಾಹೇಬರು ಮನೆಯನ್ನೆಲ್ಲ ಒಮ್ಮೆ ನೋಡಿದರು. ಹೊಲಿಗೆ ಮಿಷನ್ನಿನ ಹಿಂದೆ ಹೆಂಡತಿ ಕಂಡಳು. ಒಂದು ದಿನ ಜ್ವರವೆಂದು ಮಲಗಿದವಳಲ್ಲ. ಹೆರಿಗೆಯಾಗಿ ವಾರಕ್ಕೆಲ್ಲ ಕತ್ತರಿ ಹಿಡಿದವಳು.

"ಬಾರೇ ಇಲ್ಲಿ. ನೀನು ಕಲ್ಲುಗುಂಡಿನ ಹಾಗಿದೀಯ. ನೀನೇ ನನ್ನ ಮಾದರಿ ಕಲ್ಲು."

ಅದನ್ನು ಅವರು ಹೊಗಳಿಕೆ ಎಂದುಕೊಂಡೇ ಹೇಳಿದ್ದು. ಬೇರೆ ಹೊಗಳಿಕೆ ಯಾವುದೂ ಅವಳ ನೆನಪಿನಲ್ಲಿ ಇಲ್ಲದ್ದರಿಂದ ಅವಳೂ ಹಾಗೆಯೇ ತೆಗೆದುಕೊಂಡು ಎದ್ದು ಬಂದಳು.

ಮೂರು ಸಲ ಮೂರು ಬೇರೆ ಅಂಕಿ ಬಂತು. ಒಂದರಿಂದ ಇನ್ನೊಂದು ಮಾರು ದೂರ. ಅಂಕಿಗಳ ಪಕ್ಕದಲ್ಲಿ ಪುಟ್ಟ ಹೃದಯದ ಚಿತ್ರವೊಂದು ಮಿನುಗುತ್ತಿತ್ತು. "ಇದು ಯಾಕೆ ಮಿಣುಕ್ತಾ ಇದೆ?" ಎಂದು ಅವಳು ಕೇಳಿದಳು. "ಅಂಗಡಿಯವರ ಶೋಕಿ," ಎಂದರು ಸಾಹೇಬರು. ಡಬ್ಬಿಯ ಒಳಗೆ ಅದರ ಅರ್ಥ ಹೇಳುವ ಪುಸ್ತಕವಿತ್ತು. ಅದನ್ನು ಅವರು ಬಿಚ್ಚಲಿಲ್ಲ. ಗೊತ್ತಿಲ್ಲದವರು ಓದುವ ಪುಸ್ತಕ ಅದು, ಅವರಿಗೇಕೆ? ಡಬ್ಬಿಯ ಮೇಲೆ ಕೆಂಪು ಇಂಟು ಎಳೆದು, ಮೆಡಿಕಲ್ ಅಂಗಡಿಗೆ ಹೊರಟೇಬಿಟ್ಟರು.

ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಮಿಷನ್ನು ಸರಿಯಾಗಿಯೇ ಇತ್ತು. ತಾಳ ತಪ್ಪಿದ್ದು ಅವಳ ಎದೆ. ಅದು ಅವಳಿಗೂ ಒಂದು ಮಟ್ಟಿಗೆ ಗೊತ್ತಿತ್ತು. ಕೆಲವು ತಿಂಗಳಿಂದ, ಸುಮ್ಮನೆ ಕೂತಿದ್ದಾಗಲೂ ಎದೆಯೊಳಗೆ ಏನೋ ಒಂದು ಹಳೆಯ ಹೊಲಿಗೆ ಮಿಷನ್ನಿನ ಹಾಗೆ ಎಳೆ ಬಿಡುತ್ತಿತ್ತು. ಒಂದು ಹೊಲಿಗೆ ಬಿಟ್ಟುಹೋಗುವುದು, ಮತ್ತೆ ಮೂರು ನಾಲ್ಕು ಒಟ್ಟಿಗೆ ಬೀಳುವುದು. ಮಹಡಿ ಹತ್ತುವಾಗ ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಪರದೆಯ ಭಾರಿ ಬಟ್ಟೆಯನ್ನು ಕೊಡವಿ ಹಾಸುವಷ್ಟರಲ್ಲಿ ಸುಸ್ತಾಗಿ ಮೇಜಿನ ಅಂಚು ಹಿಡಿದು ನಿಲ್ಲಬೇಕಾಗುತ್ತಿತ್ತು.

"ರೀ, ಎದೆ ಒಂಥರಾ ಆಗ್ತಿದೆ," ಎಂದು ಹೇಳಿದ್ದಳು.

"ಗ್ಯಾಸು," ಎಂದಿದ್ದರು ಸಾಹೇಬರು, ಪತ್ರಿಕೆಯಿಂದ ತಲೆ ಎತ್ತದೆ. ಆ ಮನೆಯಲ್ಲಿ ಅವಳಿಗೆ ಏನೇ ಬಂದರೂ ಅದು ಗ್ಯಾಸು. ಸಾಹೇಬರಿಗೆ ಶೀತ ಬಂದರೆ ಅದು ನ್ಯುಮೋನಿಯಾ.

ಮಗಳಿಗೆ ಹೇಳಿದಾಗ ಅವಳೂ, "ಚಹಾ ಕಮ್ಮಿ ಮಾಡಮ್ಮ, ಡಾಕ್ಟರಿಗೆ ತೋರಿಸೋಣ," ಎಂದಿದ್ದಳು. ಚಹಾ ಕಡಿಮೆಯಾಯಿತು. ಡಾಕ್ಟರಿಗೆ ತೋರಿಸುವುದು ಮಾತ್ರ ಈ ಆರ್ಡರು ಮುಗಿಯಲಿ, ಆ ಆರ್ಡರು ಮುಗಿಯಲಿ ಎಂದು ಮುಂದೆ ಹೋಯಿತು. ಸತ್ಯ ಹೇಳಬೇಕೆಂದರೆ ಅವಳಿಗೆ ಭಯವಿತ್ತು. ಎದೆಯ ವಿಷಯವೆಂದರೆ ಯಾರಿಗಾದರೂ ಭಯವೇ. ಆದರೆ ಕಲ್ಲುಗುಂಡು ಎನಿಸಿಕೊಂಡವಳು ಯಾವ ಬಾಯಲ್ಲಿ ಹೆದರಿದ್ದೇನೆ ಎನ್ನಬೇಕು?

ಎರಡನೆಯ ಮಿಷನ್ನು ಬಂತು. ಅದರದೂ ಅದೇ ಹಣೆಬರಹ. ಮೂರು ಸಲ ಕಟ್ಟಿದರೆ ಮೂರು ಅಂಕಿ, ಪಕ್ಕದಲ್ಲಿ ಅದೇ ಮಿನುಗುವ ಹೃದಯ. ಈ ಸಲ ಅಂಗಡಿಯಿಂದ ಬಂದ ಸಾಹೇಬರು ಯುದ್ಧ ಗೆದ್ದವರ ಹಾಗೆ ಕುರ್ಚಿಯಲ್ಲಿ ಕುಳಿತು ಇಡೀ ಕಥೆ ಹೇಳಿದರು. ಅಂಗಡಿಯವನು ಮಿಷನ್ನನ್ನು ತನ್ನ ಕೈಗೇ ಕಟ್ಟಿ ತೋರಿಸಿದನಂತೆ. ಮೂರು ಸಲವೂ ಒಂದೇ ಅಂಕಿ ಬಂತಂತೆ.

"ಮತ್ತೆ ಸರಿಯಾಗೇ ಇದೆಯಲ್ಲ?" ಎಂದಳು ಅವಳು.

"ಏನು ಸರಿ? ಅವನ ಕೈಗೆ ಅವನೇ ಕಟ್ಕೊಂಡು, ಅವನೇ ಸರ್ಟಿಫಿಕೇಟ್ ಕೊಟ್ಕೊಂಡ್ರೆ ಆಗೋಯ್ತಾ? ಅಂಗಡಿಯೋರ ಕಲ್ಲನ್ನ ನಂಬಿದ್ರೆ ನಾನು ಕೆಲಸ ಮಾಡಿದ ಹಾಗೇ. ನೋಡಪ್ಪ, ಮಾದರಿ ಕಲ್ಲು ನನ್ನ ಮನೇಲಿದೆ, ಅದರ ಮುಂದೆ ನಿಂದೇನೂ ನಡೆಯಲ್ಲ ಅಂದೆ. ತುಟಿ ಪಿಟಕ್ಕೆನ್ನದೆ ಬದಲಾಯಿಸಿ ಕೊಟ್ಟ."

ಅವನು ತುಟಿ ಪಿಟಕ್ಕೆನ್ನದೆ ಕೊಟ್ಟದ್ದು ಸಾಹೇಬರ ವಿದ್ವತ್ತಿಗೆ ಬೆಚ್ಚಿ ಅಲ್ಲ. ಸರದಿಯಲ್ಲಿ ನಿಂತವರ ಮುಂದೆ ಇವರು ಇನ್ನೊಂದು ಗಂಟೆ ತಲೆ ತಿನ್ನುತ್ತಾರೆ ಎಂದು. ಇಷ್ಟು ಅವಳು ಕೂತಲ್ಲೇ ಊಹಿಸಿದಳು. ಆದರೆ ಇನ್ನೊಂದು ಮಾತೂ ಅವಳ ತಲೆಗೆ ಬಂತು. ಅವನಿಗೆ ಸರಿಯಾಗಿ ಬರುವ ಅಂಕಿ ನನಗೆ ಯಾಕೆ ಬರುವುದಿಲ್ಲ? ಅದನ್ನು ಪರೀಕ್ಷಿಸಿಯೇ ನೋಡೋಣವೆಂದು ಬಾಯಿ ತೆರೆದಳು.

"ರೀ, ಒಂದು ಸಲ ನಿಮ್ಮ ಕೈಗೇ ಕಟ್ಟಿ ನೋಡೋಣ."

ಸಾಹೇಬರ ಮುಖ ಒಂದು ಗಳಿಗೆ ಸಪ್ಪಗಾಯಿತು. ಅವಳಿಗೆ ಆಗ ಅರ್ಥವಾಯಿತು. ಮಿಷನ್ನು ಕೆಟ್ಟದ್ದಾಗಿ ಉಳಿಯುವುದು ಅವರಿಗೆ ಬೇಕಿತ್ತು. ಅದು ಕೆಟ್ಟಿರುವ ತನಕ ಅವರ ಬಿಪಿ ನೋಡುವವರಿಲ್ಲ. ಜೀವಮಾನವೆಲ್ಲ ಬೇರೆಯವರ ತಪ್ಪು ತೂಗಿದವರು ತಮ್ಮ ಸರದಿ ಬಂದಾಗ ಹೆಂಡತಿಯ ಹಿಂದೆ ಅಡಗಿಕೊಂಡಿದ್ದರು. ಅದೂ ದೊಡ್ಡ ದನಿಯಲ್ಲಿ.

"ಕೆಟ್ಟ ತಕ್ಕಡೀಲಿ ನನ್ನ ತೂಗಿದ್ರೆ ಏನು ಬಂದ ಹಾಗಾಯ್ತು?" ಎಂದು ಗುಡುಗಿ ಅವರು ಎದ್ದುಹೋದರು.

ಮೂರನೆಯ ಮಿಷನ್ನಿನ ಪರೀಕ್ಷೆ ಒಂದು ಬೆಳಿಗ್ಗೆ, ಅವಳ ಕೆಲಸದ ಮೇಜಿನ ಮೇಲೆಯೇ ನಡೆಯಿತು. ಅವಳು ಒಂದು ಹೋಟೆಲಿನವರಿಗಾಗಿ ನೀಲಿ ಪರದೆಗಳನ್ನು ಕತ್ತರಿಸುತ್ತಿದ್ದಳು. ಆ ದಿನ ಎದ್ದಾಗಿನಿಂದಲೇ ಎದೆ ಎಳೆ ಬಿಟ್ಟ ಹಾಗೆ ಓಡುತ್ತಿತ್ತು. ಸಾಹೇಬರು ಬಟ್ಟೆಯನ್ನು ಒಂದು ಕಡೆ ಸರಿಸಿ ಜಾಗ ಮಾಡಿಕೊಂಡು ಅವಳ ಎಡತೋಳಿಗೆ ಪಟ್ಟಿ ಸುತ್ತಿದರು. ಬಲಗೈಯಲ್ಲಿ ಅವಳು ಇನ್ನೂ ಕತ್ತರಿ ಹಿಡಿದೇ ಇದ್ದಳು.

ಪಟ್ಟಿ ಉಬ್ಬಿತು, ಇಳಿಯಿತು. ಅಂಕಿ ಬಂತು. ಎರಡನೆಯ ಸಲ ಬೇರೆ ಅಂಕಿ. ಮೂರನೆಯ ಸಲ ಪಟ್ಟಿ ಉಬ್ಬಿದಾಗ ಅವಳ ಬಲಗೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳೋಣ ಎಂದುಕೊಂಡಳು. ಕೈ ಅವಳ ಮಾತು ಕೇಳಲಿಲ್ಲ. ತೊಡೆಯ ಮೇಲೆ, ಯಾರದೋ ಕೈ ಎನ್ನುವ ಹಾಗೆ ಬಿದ್ದಿತ್ತು.

"ಅಲ್ಲಾಡಬೇಡ," ಎಂದರು ಸಾಹೇಬರು. ಅವರ ಕಣ್ಣು ಮಿಷನ್ನಿನ ಗಾಜಿನ ಮೇಲೆ ನೆಟ್ಟಿತ್ತು.

ರೀ, ನನ್ನ ಕೈ ನೋಡಿ ಎಂದು ಅವಳು ಹೇಳಬೇಕೆಂದಿದ್ದಳು. ಬಾಯಿಂದ ಹೊರಟದ್ದು ಅಂಟಂಟಾದ, ತಲೆಬುಡವಿಲ್ಲದ ಸದ್ದು. ತುಟಿಯ ಒಂದು ಕಡೆ ಭಾರವಾಗಿ ಕೆಳಗೆ ಎಳೆಯುತ್ತಿತ್ತು.

"ಮಾತಾಡಬೇಡ ಅಂತ ಎಷ್ಟು ಸಲ ಹೇಳೋದು? ಮಾತಾಡಿದ್ರೆ ರೀಡಿಂಗ್ ತಪ್ಪುತ್ತೆ."

ಮಿಷನ್ನು ಅಂಕಿ ಕೊಡಲೇ ಇಲ್ಲ. ಎರರ್ ಎಂದು ತೋರಿಸಿ ಸುಮ್ಮನಾಯಿತು. ಸಾಹೇಬರು ತೊಡೆ ತಟ್ಟಿಕೊಂಡರು. "ನೋಡ್ದ್ಯಾ! ಈಗ ಅದೇ ಒಪ್ಕೊಂಡಿದೆ, ತಪ್ಪು ನಂದೇ ಅಂತ!" ಅವಳ ತೋಳಿನಿಂದ ಪಟ್ಟಿ ಕಿತ್ತರು, ಡಬ್ಬಿಗೆ ತುರುಕಿದರು, ಡಬ್ಬಿಯ ಮೇಲೆ ಇಂಟು ಎಳೆದರು, ಚಪ್ಪಲಿ ಮೆಟ್ಟಿದರು. "ಇವತ್ತು ಅವನ ಚಳಿ ಬಿಡಿಸ್ತೀನಿ," ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದರು. ಹೋಗುವಾಗ ನೆಲದ ಮೇಲಿದ್ದ ಕತ್ತರಿಯನ್ನು ದಾಟಿಕೊಂಡು ಹೋದರು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಜೀವ ಬಾಯಿಗೆ ಬರುವಂಥ ಹೆದರಿಕೆ. ಈ ಕೈ ಹೋದರೆ ನಾನು ಯಾರು? ಕತ್ತರಿ ಹಿಡಿಯದ, ಸೂಜಿಗೆ ದಾರ ಪೋಣಿಸದ, ಬಾಯಿಬಿಟ್ಟು ಒಂದು ಮಾತು ಹೇಳಲಾಗದ ನನ್ನನ್ನು ಈ ಮನೆಯಲ್ಲಿ ಎಲ್ಲಿ ಇಡುತ್ತಾರೆ? ಇಂಟು ಗುರುತಿನ ಸಾಮಾನುಗಳ ಪಕ್ಕದಲ್ಲಿ ಇಡುತ್ತಾರೆ, ಸಾಕ್ಷಿಗೆ. ಎಡಗೈಯಿಂದ ಮೇಜಿನ ಮೇಲಿನ ಫೋನನ್ನು ಎಳೆದುಕೊಂಡು ಮಗಳ ನಂಬರು ಒತ್ತಿದಳು.

"ಏನಮ್ಮ? ಬಾಯಲ್ಲಿ ಗುಂಡುಪಿನ್ನು ಇಟ್ಕೊಂಡು ಮಾತಾಡ್ತಿದೀಯಾ?" ಎಂದಳು ಮಗಳು. ಹೊಲಿಯುವಾಗ ತುಟಿಯ ನಡುವೆ ಪಿನ್ನು ಹಿಡಿಯುವುದು ಅಮ್ಮನ ಹಳೆಯ ಅಭ್ಯಾಸ. ಅವಳು ಮತ್ತೆ ಪ್ರಯತ್ನಪಟ್ಟಳು. ಮತ್ತೆ ಅದೇ ಅಂಟು ಸದ್ದು. ಆ ಕಡೆ ಮಗಳ ದನಿ ಬದಲಾಯಿತು. "ಅಮ್ಮ, ಅಲ್ಲೇ ಕೂತಿರು. ಏಳಬೇಡ. ಬಂದೆ."

ಬಂದವಳು ಕಲಿಕೆಯ ಕಾರಿನಲ್ಲೇ ಬಂದಳು. ಆ ಹೊತ್ತಿಗೆ ಪಾಠ ಕಲಿಯುತ್ತಿದ್ದ ದಪ್ಪನೆಯ ಬ್ಯಾಂಕ್ ನೌಕರರೊಬ್ಬರನ್ನು ಯಾವುದೋ ಮೂಲೆಯಲ್ಲಿ ಇಳಿಸಿ ಬಂದಿದ್ದಳಂತೆ. ನೆತ್ತಿಯ ಮೇಲೆ ದೊಡ್ಡ ಅಕ್ಷರದ ಬೋರ್ಡು ಹೊತ್ತ ಆ ಕಾರು ಅಂಥ ವೇಗದಲ್ಲಿ ಓಡಿದ್ದನ್ನು ಬೀದಿಯವರು ಹಿಂದೆ ಎಂದೂ ನೋಡಿರಲಿಲ್ಲ. ಪಾಠ ಹೇಳುವವರಿಗೆಂದು ಅಮ್ಮ ಕೂತ ಕಡೆಯೂ ಒಂದು ಬ್ರೇಕು ಇತ್ತು. ದಾರಿಯುದ್ದಕ್ಕೂ ಅವಳ ಕಾಲು ತಾನಾಗಿ ಅದನ್ನು ಹುಡುಕುತ್ತಿತ್ತು. "ಅಮ್ಮ, ಬ್ರೇಕ್ ಒತ್ತಬೇಡ, ನಿನ್ನ ದಮ್ಮಯ್ಯ," ಎಂದು ಮಗಳು ಅಳುತ್ತಲೇ ಬೈದಳು.

ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಕೈ ಮರಳಿ ಬಂದಿತ್ತು. ಬೆರಳು ಮಡಚಿದರೆ ಮಡಚಿದವು. "ಸರಿ ಹೋಯ್ತು," ಎಂದಳು, ಮಾತೂ ಸರಿಯಾಗಿಯೇ ಬಂತು. "ಮನೆಗೆ ಹೋಗೋಣ. ಹೋಟೆಲಿನೋರಿಗೆ ಪರದೆ ಕೊಡ್ಬೇಕು."

"ಹೋಟೆಲು ಬೆತ್ತಲೆ ನಿಂತ್ಕೊಂಡಿರಲಿ," ಎಂದಳು ಮಗಳು. ಈ ನಾಲಿಗೆ ಯಾರಿಂದ ಬಂದಿತು ಎಂದು ಕೇಳಬೇಕಾಗಿಲ್ಲ.

ಡಾಕ್ಟರಮ್ಮ ಮಿಷನ್ನು ಕಟ್ಟುವ ಮೊದಲು ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು ಸುಮ್ಮನೆ ಕೂತರು. ಆಮೇಲೆ ಎದೆಗೆ ತಂತಿಗಳನ್ನು ಅಂಟಿಸಿ ಉದ್ದನೆಯ ಕಾಗದದ ಮೇಲೆ ಗೆರೆ ತೆಗೆಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಎಲ್ಲ ಮುಗಿಸಿ ಬಂದು ಅವಳ ಮಂಚದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡರು.

"ನೋಡಿಮ್ಮ, ಆಗಾಗ ಒಂದು ಬಡಿತ ತಪ್ಪೋದು ಎಷ್ಟೋ ಜನಕ್ಕೆ ಆಗುತ್ತೆ. ನಿದ್ದೆ ಕೆಟ್ಟಾಗ, ಚಹಾ ಕಾಫಿ ಜಾಸ್ತಿ ಆದಾಗ, ಗಾಬರಿ ಆದಾಗ. ಒಂದು ಸಲ ತೋರಿಸ್ಕೊಂಡ್ರೆ ಸಾಕು, ಬಹಳಷ್ಟು ಸಲ ಹೆದರೋದೇನೂ ಇರಲ್ಲ. ನಿಮ್ಮದು ಹಾಗಲ್ಲ. ನಿಮ್ಮ ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಬಡಿಯೋದು ಬಿಟ್ಟು ಬರೀ ನಡುಗ್ತಾ ಇವೆ. ತಾಳವೇ ಇಲ್ಲ."

"ಅದಕ್ಕೂ ಕೈಗೂ ಏನು ಸಂಬಂಧ?"

"ಮೇಲಿನ ಕೋಣೆ ಸರಿಯಾಗಿ ಹಿಂಡದೇ ಇದ್ರೆ ರಕ್ತ ಒಂದು ಮೂಲೇಲಿ ನಿಂತುಬಿಡುತ್ತೆ. ನಿಂತ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪಿನ ಚೂರು ಹೊರಟು ಮೆದುಳಿನ ರಕ್ತನಾಳಕ್ಕೆ ಅಡ್ಡ ಕೂತ್ರೆ ಪಾರ್ಶ್ವವಾಯು. ಇವತ್ತು ನಿಮ್ಮ ಅದೃಷ್ಟ, ಅಡ್ಡ ಬಂದಿದ್ದು ತಾನಾಗೇ ಸರಿದುಹೋಗಿದೆ. ಸರಿ ಹೋಯ್ತಲ್ಲ ಅಂತ ಮನೇಲಿ ಕೂತಿದ್ರೆ ಮುಂದಿನ ಸಲ ಹೀಗೆ ಸರಿದುಹೋಗುತ್ತೆ ಅಂತ ಹೇಳೋಕಾಗಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡ್ತೀನಿ. ಚೆನ್ನಾಗಿದೀನಿ ಅಂತ ಒಂದು ದಿನಾನೂ ಬಿಡೋ ಹಾಗಿಲ್ಲ."

ಅವಳು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಳು. ಅದನ್ನು ಬಿಡಲು ಅವಳಿಗೆ ಇನ್ನೂ ಧೈರ್ಯವಿರಲಿಲ್ಲ.

ಆಗ ಸಾಹೇಬರು ಬಂದರು. ಮಗಳ ಫೋನು ಹೋದಾಗ ಅವರು ಅಂಗಡಿಯಲ್ಲೇ ಇದ್ದರು. ಬೆವರು ಸುರಿಯುತ್ತಿತ್ತು, ಮುಖ ಬಿಳಿಚಿತ್ತು, ನಿಜ. ಆದರೆ ಕಂಕುಳಲ್ಲಿ ಹೊಚ್ಚಹೊಸ ಡಬ್ಬಿಯೊಂದಿತ್ತು. ಆ ಗಲಾಟೆಯಲ್ಲೂ ಬದಲಾಯಿಸಿಕೊಂಡೇ ಬಂದಿದ್ದರು.

"ನೀವು ಯಜಮಾನ್ರಾ? ಹೀಗಾದಾಗ ಹತ್ರ ಯಾರಿದ್ರು?" ಎಂದು ಡಾಕ್ಟರಮ್ಮ ಕೇಳಿದರು.

"ನಾನೇ. ಎದುರಿಗೇ ಕೂತಿದ್ದೆ. ಮೊದಲಿಂದ ಕೊನೇವರೆಗೂ," ಎಂದರು ಸಾಹೇಬರು. ಸಾಕ್ಷಿ ಹೇಳುವುದು ಅವರಿಗೆ ಹೊಸದಲ್ಲ, ಬೆನ್ನು ನೆಟ್ಟಗಾಯಿತು. ಮೊದಲ ಸಲ ಬಂದ ಅಂಕಿ ಹೇಳಿದರು. ಎರಡನೆಯ ಸಲ ಬಂದದ್ದನ್ನೂ ಹೇಳಿದರು. ಮೂರನೆಯ ಸಲ ಎರರ್ ಬಂದದ್ದನ್ನು ಸ್ವಲ್ಪ ರಂಗೇರಿಸಿಯೇ ಹೇಳಿದರು.

"ಅದಿರಲಿ. ಯಾವ ಕೈ ಬಿದ್ದುಹೋಯ್ತು?"

ಸಾಹೇಬರು ತಡವರಿಸಿದರು. "ಎಡಗೈ."

"ಎಡಗೈಯಾ? ಸರಿಯಾಗಿ ನೋಡಿದ್ರಾ?"

"ಪಟ್ಟಿ ಕಟ್ಟಿದ್ದು ಎಡಗೈಗೆ ಅಲ್ವಾ..."

"ಬಾಯಿ ಯಾವ ಕಡೆ ವಾಲಿತ್ತು?"

ಸಾಹೇಬರು ಈಗ ನೋಡಿ ಹೇಳುವವರ ಹಾಗೆ ಹೆಂಡತಿಯ ಮುಖದ ಕಡೆ ತಿರುಗಿದರು. ಪಕ್ಕದ ಮಂಚದವರು ಕೂಡ ತಿರುಗಿ ನೋಡಿದರು.

"ಮಾತು ತೊದಲಿತ್ತಾ?"

"ಏನೋ ಅಂದ್ಲು. ನಾನು ಮಾತಾಡಬೇಡ ಅಂದೆ. ಮಾತಾಡಿದ್ರೆ ರೀಡಿಂಗ್..." ಅಷ್ಟಕ್ಕೆ ಅವರ ದನಿ ಇಳಿಯಿತು.

ಒಂದು ಗುಲಗಂಜಿ ತೂಕ ಹೆಚ್ಚುಕಡಿಮೆಯಾದರೂ ಹಿಡಿಯುವ ಮನುಷ್ಯ. ಮೊಳದಷ್ಟು ದೂರದಲ್ಲಿ ಹೆಂಡತಿಯ ಅರ್ಧ ಮುಖ ಜಾರಿಹೋಗುವುದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಬಲಗೈ," ಎಂದಳು ಅವಳು ಮಂಚದಿಂದ. "ಬಾಯೀನೂ ಬಲಗಡೆಯೇ. ಕತ್ತರಿ ಕೆಳಗೆ ಬಿತ್ತು. ದಾಟ್ಕೊಂಡು ಹೋದ್ರಿ."

ಡಾಕ್ಟರಮ್ಮ ಬರೆದುಕೊಂಡರು. ಸಾಹೇಬರು ಡಬ್ಬಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವರು ಸುಮ್ಮನಿರುವ ಜಾತಿಯವರಲ್ಲ. "ಆದ್ರೆ ಡಾಕ್ಟ್ರೇ, ಏನೋ ತಪ್ಪಿದೆ ಅಂತ ಮೊದಲು ಕಂಡುಹಿಡಿದಿದ್ದು ನಾನೇ. ಮೂರು ಮಿಷನ್ನಲ್ಲೂ ಕಂಡುಹಿಡಿದೆ," ಎಂದುಬಿಟ್ಟರು.

ಮಗಳು ಬಾಯಿ ತೆರೆದಳು. ಅಮ್ಮ ಕೈ ಎತ್ತಿ ತಡೆದಳು. ಎತ್ತಿದ್ದು ಬಲಗೈ. ಇಷ್ಟು ವರ್ಷ ನುಂಗಿಕೊಂಡ ಹರಿತವೆಲ್ಲ ಈಗ ನಾಲಿಗೆಗೆ ಬಂದಿತ್ತು, ಮತ್ತು ಆ ನಾಲಿಗೆ ಅವಳ ಮಾತು ಕೇಳುತ್ತಿತ್ತು.

"ಕೆಲಸದಲ್ಲಿದ್ದಾಗ ಸವೆದ ಕಲ್ಲುಗಳನ್ನ ಚೀಲ ಚೀಲ ಹಿಡಿದು ತರ್ತಿದ್ರಲ್ಲ, ಜ್ಞಾಪಕ ಇದೆಯಾ? ದಿನಾ ಕೈಯಾಡಿದ್ರೆ ಕಲ್ಲೂ ಸವೆಯುತ್ತೆ ಕಣ್ರಯ್ಯಾ, ವರ್ಷಕ್ಕೊಂದು ಸಲ ಅದನ್ನೂ ಪರೀಕ್ಷೆ ಮಾಡಿಸಿ ಅಂತ ಅಂಗಡಿಯೋರಿಗೆಲ್ಲ ಪಾಠ ಹೇಳ್ತಿದ್ರಿ. ಮನೇಲಿರೋ ಕಲ್ಲು ಮಾತ್ರ ಸವೆಯಲ್ಲ ಅಂದ್ಕೊಂಡಿದ್ರಾ? ಮೂರು ತಕ್ಕಡಿ ಸೇರ್ಕೊಂಡು ಕಲ್ಲನ್ನ ನೋಡಪ್ಪಾ ನೋಡಪ್ಪಾ ಅಂತ ಬಡ್ಕೊಂಡ್ವು. ನೀವು ತಕ್ಕಡೀನೇ ಹೊತ್ಕೊಂಡು ಓಡಿದ್ರಿ."

ಸಾಹೇಬರು ಡಬ್ಬಿಯನ್ನು ನಿಧಾನವಾಗಿ ನೆಲದ ಮೇಲಿಟ್ಟರು. ಕೂರಲು ಸ್ಟೂಲು ಇರಲಿಲ್ಲ. ಯಾರೂ ಎದ್ದು ಕೊಡಲೂ ಇಲ್ಲ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಸಾಹೇಬರನ್ನೇ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. "ದಿನಾ ಇವರ ಮುಖ ನೋಡ್ತಾ ಇರಿ. ಅನುಮಾನ ಬಂದ್ರೆ ನಗೋಕೆ ಹೇಳಿ, ಎರಡೂ ಕೈ ಎತ್ತೋಕೆ ಹೇಳಿ, ಒಂದು ಮಾತು ಹೇಳಿಸಿ. ಬಾಯಿ ವಾಲಿದ್ರೆ, ಕೈ ಇಳಿದ್ರೆ, ಮಾತು ತೊದಲಿದ್ರೆ, ಒಂದೇ ಒಂದು ಆದ್ರೂ ತಕ್ಷಣ ಆಸ್ಪತ್ರೆಗೆ. ಅಂಗಡಿಗಲ್ಲ."

ಸಾಹೇಬರಿಗೆ ಹೊಸ ಹುದ್ದೆ ಸಿಕ್ಕಿದ ಹಾಗಾಯಿತು. ಅನುಮಾನ ಬಂದರೆ ಎಂದದ್ದನ್ನು ಅವರು ದಿನವೂ ಬೆಳಿಗ್ಗೆ ಎಂದು ತಿದ್ದಿಕೊಂಡರು. ಚಹಾ ಲೋಟ ಕೆಳಗಿಟ್ಟು ಅವಳ ಮುಂದೆ ಬಂದು ನಿಂತು, ಕನ್ನಡಕ ಸರಿಪಡಿಸಿಕೊಂಡು, "ಎಲ್ಲಿ, ನಗು," ಎನ್ನುವರು. ಚೌಕಾಶಿ ಮಾಡುವ ಗಿರಾಕಿಗೆ ಕೊಡುವ ನಗುವೊಂದು ಅವಳ ಬಳಿ ಇತ್ತು. ಅದನ್ನೇ ಕೊಡುವಳು. ಅವರು ಬಗ್ಗಿ ತುಟಿಯ ಎರಡು ಕೊನೆಗಳನ್ನೂ ನೋಡಿ, ಪಾಸು ಮಾಡಿದವರ ಹಾಗೆ ತಲೆಯಾಡಿಸಿ ಹೋಗುವರು. ಇಷ್ಟು ವರ್ಷದಲ್ಲಿ ಅವರು ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಇರಬೇಕು. ಅದಕ್ಕೂ ಡಾಕ್ಟರ ಚೀಟಿ ಬೇಕಾಯಿತು.

ಹೀಗಿರುವಾಗ ಮಗಳು ಒಂದು ಬೆಳಿಗ್ಗೆ ಬಂದು, ಅಪ್ಪ ಆಸ್ಪತ್ರೆಗೆ ಹೊತ್ತು ತಂದಿದ್ದ ಆ ಹೊಸ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಅಪ್ಪ, ಈ ಮಿಷನ್ನು ತಂದಿದ್ದು ಯಾರಿಗೆ?"

ಸಾಹೇಬರು ಅತ್ತ ಇತ್ತ ನೋಡಿದರು. ಮಾದರಿ ಕಲ್ಲು ಅವರ ಪಕ್ಕದಲ್ಲೇ ನಿಂತಿತ್ತು, ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು. "ಕೂತ್ಕೊಳ್ಳಿ," ಎಂದಳು. "ಅಲ್ಲಾಡಬೇಡಿ. ಮಾತಾಡಬೇಡಿ."

ಅವರು ಕೂತರು. ಪಟ್ಟಿ ಉಬ್ಬಿತು, ಇಳಿಯಿತು. ಮೂರು ಸಲ ನೋಡಿದರು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಪಕ್ಕದಲ್ಲಿ ಯಾವ ಹೃದಯವೂ ಮಿನುಗಲಿಲ್ಲ. ಅಂಕಿ ಮಾತ್ರ ಮಗಳು ಕಣ್ಣು ದೊಡ್ಡದು ಮಾಡುವಷ್ಟು ಮೇಲಿತ್ತು.

"ಈ ಮಿಷನ್ನೂ..." ಎಂದು ಶುರುಮಾಡಿದ ಸಾಹೇಬರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ. ಇನ್ನೊಂದು ಜೇಬು ತಡಕಿದರು. ಆಮೇಲೆ ಮೇಜಿನ ಕಡೆ ನೋಡಿದರು. ಕೆಂಪು ಪೆನ್ಸಿಲು ಅವಳ ಸೀಮೆಸುಣ್ಣದ ಡಬ್ಬಿಯಲ್ಲಿತ್ತು. ಬೂದು ಪರದೆಯೊಂದರ ಮೇಲೆ ಎಲ್ಲಿ ಮಡಚಬೇಕೆಂದು ಅದರಿಂದ ನೇರವಾದ ಗೆರೆ ಎಳೆದಾಗಿತ್ತು. ಹೋದ ವಾರದಿಂದ ಅವಳು ಅದನ್ನೇ ಬಳಸುತ್ತಿದ್ದಳು. ಸುಣ್ಣದ ಗೆರೆಗಿಂತ ಚೆನ್ನಾಗಿ ಕಾಣುತ್ತದೆ.

ಗಂಡನ ಮುಖ ನೋಡಿ ಅವಳಿಗೆ ನಗು ಬಂತು. ಗಿರಾಕಿಗೆ ಕೊಡುವ ನಗುವಲ್ಲ. ಹೊಟ್ಟೆಯಿಂದ ಎದ್ದು ಬಂದು ಹೆಗಲು ಅಲುಗಿಸುವ ನಗು. ಸಾಹೇಬರು ಕೂತಲ್ಲಿಂದಲೇ, ಅಭ್ಯಾಸಬಲದಿಂದ, ಅವಳ ಬಾಯಿಯ ಎರಡು ಕೊನೆಗಳನ್ನು ನೋಡಿದರು.

"ಸಮ ಇದೆ," ಎಂದರು ಮೆಲ್ಲಗೆ.

"ನನ್ನ ಬಾಯಿ ಸರಿ ಇದೆ. ಮಿಷನ್ನೂ ಸರಿ ಇದೆ, ನಿಮ್ಮ ಲೆಕ್ಕದಲ್ಲೇ," ಎಂದಳು ಅವಳು, ಅವರ ತೋಳಿನಿಂದ ಪಟ್ಟಿ ಬಿಚ್ಚುತ್ತ. "ಇನ್ನು ಉಳಿದಿರೋದು ಯಾರು?"

ಸಾಹೇಬರು ಮಡಚಿದ್ದ ಅಂಗಿಯ ತೋಳನ್ನು ಕೆಳಗಿಳಿಸಿಕೊಂಡರು. ಆಮೇಲೆ ಕೇಳಿದರು, "ಅವತ್ತು ತುಂಬಾ ಹೆದರಿದ್ಯಾ?"

"ಹೆದರಿದ್ದೆ."

"ನನಗೂ ಹೆದರಿಕೆ," ಎಂದರು ಸಾಹೇಬರು, ಮಿಷನ್ನಿನ ಕಡೆ ನೋಡದೆ.

ಅದು ಅವಳಿಗೆ ಮೊದಲೇ ಗೊತ್ತಿತ್ತು. ಆ ಹೆದರಿಕೆಯ ಬೆಲೆಯನ್ನು ಅವಳ ಬಲಗೈ ತೆತ್ತಿತ್ತು. 'ಪರವಾಗಿಲ್ಲ ಬಿಡಿ' ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅದನ್ನು ಅವಳು ಹೇಳಲಿಲ್ಲ. ಬಾಗಿಲಿನ ಪಕ್ಕದಲ್ಲಿದ್ದ ಅವರ ಚಪ್ಪಲಿಯನ್ನು ಕಾಲಿನಿಂದ ಅವರತ್ತ ಸರಿಸಿ, "ಏಳಿ, ಡಾಕ್ಟರ ಹತ್ರ ಹೋಗೋಣ," ಎಂದಳು. ಹೊರಗೆ ಮಗಳು ಕಾರು ತಿರುಗಿಸುತ್ತಿದ್ದಳು. ಸಾಹೇಬರನ್ನು ಬ್ರೇಕು ಇಲ್ಲದ ಹಿಂದಿನ ಸೀಟಿನಲ್ಲಿ ಕೂರಿಸಿದರು.